ಸಾಲಿ ಕನ್ನಡ

ಹೊಸ ಸೀಮೆಯ ಮಾತು ಕಲಿಯಬೇಕೆಂದವನಿಗೆ ಅಲ್ಲಿಯವರ ಸೌಜನ್ಯದಷ್ಟು ದೊಡ್ಡ ಅಡ್ಡಿ ಇನ್ನೊಂದಿಲ್ಲ. ಮಂಡ್ಯ ಕಡೆಯ ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ನವಲಗುಂದಕ್ಕೆ ಬಂದಾಗ ಊರಿಗೆ ಊರೇ ನನ್ನ ಮೇಲೆ ಈ ಸೌಜನ್ಯ ಪ್ರಯೋಗಿಸಿತು. ಕೌಂಟರಿನಾಚೆ ನಿಂತು "ಹೆಸರೆಲ್ಲಾ ಮಳ್ಯಾಗ ಹೋತಲೇ, ಬೆಣ್ಣಿಹಳ್ಳದ ನೀರು ಹೊಲದಾಗ ನಿಂತೈತಿ" ಎಂದು ಗುಡುಗುತ್ತಿದ್ದವರು ನನ್ನ ಕಡೆ ತಿರುಗಿದ್ದೇ ತಡ, ಗಂಟಲು ಸರಿಮಾಡಿಕೊಂಡು ಆಕಾಶವಾಣಿಯ ವಾರ್ತೆಯಂತೆ "ತಾವು ನಮ್ಮ ಅರ್ಜಿಯನ್ನು ಪರಿಶೀಲಿಸಿದಿರೇನ್ರೀ ಸರ?" ಎನ್ನುತ್ತಿದ್ದರು. ಇದಕ್ಕೆ ಇಲ್ಲಿ ಸಾಲಿ ಕನ್ನಡ ಎನ್ನಬಹುದು. ಸಾಲಿ ಎಂದರೆ ಶಾಲೆ. ಸಾಲಕ್ಕೆ ಸಂಬಂಧವಿಲ್ಲ, ಬ್ಯಾಂಕಿನವನಿಗೆ ಇದನ್ನು ಯಾರಾದರೂ ಮೊದಲೇ ಹೇಳುವುದು ಒಳ್ಳೆಯದು.

ಪರವೂರಿನವನೆಂದು ಮಾತು ಬದಲಿಸದವರು ಎರಡೇ ಜಾತಿ. ಒಂದು, ಅಜ್ಜಿಯರು. ಅಣ್ಣಿಗೇರಿ ರಸ್ತೆಯ ಹಳ್ಳಿಗಳಿಂದ ಬಂದು "ನನ್ನ ಪಗಾರ ಬಂದೈತೇನೋ ಯಪ್ಪಾ?" ಎಂದು ಕೇಳುವರು. ಎಂಬತ್ತು ದಾಟಿದವರಿಗೆ ಎಲ್ಲಿಯ ಪಗಾರ ಎಂದು ಕಂಗಾಲಾಗಬಾರದು, ಅದು ವೃದ್ಧಾಪ್ಯ ವೇತನ. ಇನ್ನೊಂದು ಜಾತಿ, ಜಗಳಾಡುವವರು. ಸಿಟ್ಟಿಗೆ ಸಾಲಿ ಕನ್ನಡ ಬರುವುದಿಲ್ಲ. ನನ್ನ ನಿಜವಾದ ಓದು ನಡೆದದ್ದು ಹುಬ್ಬಳ್ಳಿ ಬಸ್ಸಿನಲ್ಲೇ.

"ತುಸು ಸರಿಯೋ, ಸೀಟ್ ಏನ್ ನಿಮ್ಮಪ್ಪ ಬರಕೊಟ್ಟಾನೇನ?"

"ಸರದೇ ಕುಂತೀನ್ಬೇ, ಇನ್ನ ಕಿಡಕಿ ಹೊರಗ ಸರೀಲೇನ?"

ಇಂಥ ನಾಲ್ಕು ಜಗಳ ಕಿವಿಗೆ ಬಿದ್ದರೆ ವ್ಯಾಕರಣ ತಾನೇ ಬಿಚ್ಚಿಕೊಳ್ಳುತ್ತದೆ. ಮನೆ ಮನಿಯಾದರೆ ಮಳೆ ಮಳಿಯಾಗಲೇಬೇಕು. ಬರಲಿಕ್ಕೆ ಹತ್ತಿದ್ದಾನೆ ಎಂಬ ಉದ್ದ ಮಾತನ್ನು ಮಡಚಿದರೆ ಬರಾಕತ್ತಾನ. ಹೀಗೆ ಬರಾಕತ್ತಾನ ಎನಿಸಿಕೊಂಡವನು ಇನ್ನೂ ಮನೆಯಲ್ಲಿ ಜಳಕ ಮಾಡುತ್ತಿರಬಹುದು. ಅದು ಮಾತ್ರ ಯಾವ ವ್ಯಾಕರಣಕ್ಕೂ ಸಿಗದು.

ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ ಇದನ್ನೆಲ್ಲ ಹೇಗೆ ನಿಭಾಯಿಸಿದರೋ. 1832ರಲ್ಲಿ ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಹುಟ್ಟಿದವರು. ಅಲ್ಲಿ ಹಳ್ಳಿಯ ಮಾತೇ ಬೇರೆ, ಪುಸ್ತಕದ ಜರ್ಮನ್ನೇ ಬೇರೆ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಈ ಸೀಮೆಗೆ ಬಂದರು. ಬಿಳಿಯ ಪಾದ್ರಿಯನ್ನು ಕಂಡು ಧಾರವಾಡದವರು ಎಂಥ ಸಾಲಿ ಕನ್ನಡ ತೆಗೆದಿರಬೇಡ! ಅದನ್ನು ದಾಟಿ 1894ರ ಹೊತ್ತಿಗೆ ಮಂಗಳೂರಿನಲ್ಲಿ ಆ ಮಹಾ ನಿಘಂಟು ಅಚ್ಚು ಹಾಕಿಸಿದರು ಎಂದರೆ, ಅವರೂ ಎಲ್ಲೋ ಸಂತೆಯ ಜಗಳಕ್ಕೆ ಕಿವಿಗೊಟ್ಟಿರಬೇಕೆಂದು ನನ್ನ ಗುಮಾನಿ.

ಈಗ ಅದೇ ಕಾಯಿಲೆ ನನ್ನ ತಂಗಿಯ ಮಗಳಿಗೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತು ಸ್ಟುಟ್‌ಗಾರ್ಟಿಗೆ ಹೋದವಳು. ಅಲ್ಲಿನವರದು ಶ್ವೇಬಿಶ್ ಎಂಬ ಆಡುಮಾತು. ಮನೆ, ಬ್ರೆಡ್ಡು ಎಲ್ಲದರ ಬಾಲಕ್ಕೂ ಮುದ್ದಿಗೊಂದು 'ಲೆ' ಅಂಟಿಸುತ್ತಾರಂತೆ. ನಮ್ಮಲ್ಲಿ ಗೆಳೆಯನಿಗೆ ಅಂಟಿಸುತ್ತಾರೆ, ಅಷ್ಟೇ ವ್ಯತ್ಯಾಸ ಎಂದೆ.

"ಮಾವ, ನನ್ನ ಮುಖ ಕಂಡ ಕೂಡಲೇ ಪುಸ್ತಕದ ಜರ್ಮನ್ ಶುರು ಮಾಡ್ತಾರೆ."

"ಬಸ್ಸಿನಲ್ಲಿ ಜಗಳ ಕೇಳು."

"ಇಲ್ಲಿ ಬಸ್ಸಿನಲ್ಲಿ ಯಾರೂ ಉಸಿರೆತ್ತಲ್ಲ."

ಪರಿಸ್ಥಿತಿ ಗಂಭೀರವಾಗಿತ್ತು. ಇನ್ನೇನಾದರೂ ಇದೆಯೇ ಎಂದು ಕೆದಕಿದಾಗ, ಬಾಡಿಗೆಮನೆಯವರೆಲ್ಲ ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸುವ ಸರದಿಯಿದೆ, ಕೆರ್‌ವೋಖೆ ಅಂತಾರೆ, ಈ ವಾರ ನನ್ನದು ಎಂದಳು.

"ಗುಡಿಸಬೇಡ."

ಗುಡಿಸಲಿಲ್ಲ. ಭಾನುವಾರ ಕೆಳಮನೆಯ ಅಜ್ಜಿ ಬಾಗಿಲಿಗೇ ಬಂದು ನಿಂತರಂತೆ. ಒಂದೇ ಒಂದು ಪುಸ್ತಕದ ಪದವಿಲ್ಲದ ಅಪ್ಪಟ ಶ್ವೇಬಿಶ್, ಪೂರ್ತಿ ಹತ್ತು ನಿಮಿಷ.