ನೋ ಬೇಕ್ ಎಂದರೆ ಬೇಡ ಎಂದಲ್ಲ

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಒವನ್ ಎಂಬುದು ಒಂದು ಬೀರು. ಸುಳ್ಳೆನಿಸಿದರೆ ಯಾವುದಾದರೂ ಕನ್ನಡದವರ ಮನೆಗೆ ಹೋಗಿ, ಒಲೆಯ ಕೆಳಗಿರುವ ಗಾಜಿನ ಬಾಗಿಲು ತೆಗೆದು ನೋಡಿ. ಬಾಣಲೆ, ಹೋಳಿಗೆ ಹಂಚು, ಜೋಡಿ ತಪ್ಪಿದ ಮುಚ್ಚಳಗಳು, ಊರಿಂದ ಚಟ್ನಿಪುಡಿ ತುಂಬಿಕೊಂಡು ಬಂದು ಖಾಲಿಯಾದ ಡಬ್ಬಿಗಳು, ಎಲ್ಲವೂ ಅಲ್ಲಿ ಬೆಚ್ಚಗೆ ಮಲಗಿರುತ್ತವೆ. ಬೆಚ್ಚಗೆ ಎಂದದ್ದು ಮಾತಿಗೆ. ನಿಜವಾಗಿಯೂ ಬೆಚ್ಚಗಾದರೆ ಏನಾಗುತ್ತದೆಂದು ಕಂಡುಕೊಂಡವನು ನಾನು.

ಆವತ್ತು ಬುಧವಾರ, ಮಾರನೆಯ ದಿನ ಇಲ್ಲಿಯವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ನ್ಯೂಜೆರ್ಸಿಯ ಮಗಳ ಮನೆಯಲ್ಲಿ ನನ್ನದು ಎರಡನೇ ತಿಂಗಳು. ಮಕ್ಕಳಿಗೆ ಅರ್ಧ ದಿನವಷ್ಟೇ ಶಾಲೆ. ಮಗಳು ಮಹಡಿಯ ಮೇಲೆ ಮೀಟಿಂಗಿನಲ್ಲಿ, ಅಳಿಯಂದಿರು ಆಫೀಸಿನಲ್ಲಿ. ಕೆಳಗೆ ಒಂಬತ್ತರ ಮೊಮ್ಮಗಳು, ಆರರ ಮೊಮ್ಮಗ, ಎಪ್ಪತ್ತೊಂದರ ನಾನು. ಮೂವರೂ ಸೇರಿ ಕುಕ್ಕೀಸ್ ಮಾಡುವುದೆಂದು ಠರಾವಾಯಿತು. ಮಂಡಿಸಿದವಳು ಅಕ್ಕ, ಅನುಮೋದಿಸಿದವನು ತಮ್ಮ. ಅಧ್ಯಕ್ಷಸ್ಥಾನದಲ್ಲಿದ್ದ ನನಗೆ ಕುಕ್ಕೀಸ್ ಹಾಗಿರಲಿ, ಅನ್ನಕ್ಕೆ ನೀರೆಷ್ಟಿಡಬೇಕು ಎಂಬುದೂ ತಿಳಿಯದು.

"ಅಜ್ಜ, ಫಸ್ಟು ಪ್ರೀಹೀಟ್ ಮಾಡ್ಬೇಕು. ತ್ರೀ ಫಿಫ್ಟಿ ಒತ್ತು" ಎಂದಳು. 36 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಹೇಳಿದ ಅಂಕಿಯನ್ನು ಹೇಳಿದ ಹಾಗೆಯೇ ಒತ್ತಿ ರೂಢಿಯಾದ ಕೈ. ಒತ್ತಿದೆ. ಅದು ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಸೆಲ್ಸಿಯಸ್ಸಿನಲ್ಲಿ ಸುಮಾರು 177. ಯಾವ ಲೆಕ್ಕದಲ್ಲಿ ಎಣಿಸಿದರೂ ಪ್ಲಾಸ್ಟಿಕ್ ಡಬ್ಬಿಗೆ ಅಷ್ಟು ಸಾಕು. ಹತ್ತು ನಿಮಿಷದಲ್ಲಿ ಒಂದು ವಾಸನೆ, ಅದರ ಹಿಂದೆಯೇ ಹೊಗೆ, ಹೊಗೆಯ ಹಿಂದೆ ಸೂರಿನಲ್ಲಿದ್ದ ಅಲಾರಮ್ಮಿನ ಬೊಬ್ಬೆ. ಬಾಗಿಲು ತೆಗೆದು ನೋಡಿದರೆ ಚಕ್ಕುಲಿ ಡಬ್ಬಿಯ ಹಳದಿ ಮುಚ್ಚಳ ಹೋಳಿಗೆ ಹಂಚಿನ ಮೇಲೆ ಕರಗಿ ಹರಡಿತ್ತು, ನಮ್ಮ ದಾವಣಗೆರೆಯ ದೋಸೆ ಮೇಲಿನ ಬೆಣ್ಣೆಯ ಹಾಗೆ.

ಮಗಳು ಮೆಟ್ಟಿಲಿಳಿದು ಬಂದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕಿಟಕಿ ತೆರೆದಳು, ಟವೆಲ್ ಬೀಸಿ ಅಲಾರಮ್ಮನ್ನು ಸುಮ್ಮನಾಗಿಸಿದಳು. "ಅಪ್ಪಾಜಿ, ಇನ್ನು ಒವನ್ ತಂಟೆಗೆ ಹೋಗ್ಬೇಡಿ. ನೋ ಬೇಕ್ ಏನಾದ್ರೂ ಮಾಡ್ಕೊಳ್ಳಿ" ಎಂದು ಹೇಳಿ ಮತ್ತೆ ಮೇಲೆ ಹೋದಳು.

ನಾನು ಕುಕ್ಕೀಸ್ ಕೈಬಿಟ್ಟು ಸೋಫಾದಲ್ಲಿ ಕೂತೆ. ನನ್ನ ತಪ್ಪಲ್ಲ, ಕೇಳಿ. ಆ ಮನೆಯ ಚಿಕ್ಕವನ ಕನ್ನಡವೇ ಹಾಗೆ. ಹಾಲು ಕೊಟ್ಟರೆ "ಹಾಲು ನೋ ಬೇಕ್" ಅನ್ನುತ್ತಾನೆ, ಸ್ವೆಟರ್ ಹಾಕಲು ಹೋದರೆ "ಸ್ವೆಟರ್ ನೋ ಬೇಕ್". ಅವನ ಅಮ್ಮನೂ ಅದೇ ಭಾಷೆಯಲ್ಲಿ 'ಏನೂ ಬೇಡ' ಎಂದು ಅಪ್ಪಣೆ ಕೊಡಿಸಿದಳೆಂದುಕೊಂಡೆ. ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ತಿಳಿಹೇಳಿದಳು: ಒವನ್ನಿಗೆ ಇಡದೆ ಮಾಡುವ ತಿಂಡಿಗೆ ನೋ ಬೇಕ್ ಎನ್ನುತ್ತಾರೆ. ಹಬ್ಬದ ಹೊತ್ತಿಗೆ ಮಕ್ಕಳ ಕೈಯಲ್ಲಿ ಅದನ್ನೇ ಮಾಡಿಸುವುದು.

ಒವನ್ನಿಗೆ ಇಡದ ತಿಂಡಿಗೂ ಒಂದು ಹೆಸರೇ! ನಮ್ಮ ಬಾಲ್ಯದಲ್ಲಿ ಬೇಕ್ ಮಾಡುವುದೇನಿದ್ದರೂ ಬೇಕರಿಯವರ ಪಾಡು. ಎಳ್ಳು, ಬೆಲ್ಲ ಒರಳಿಗೆ ಹಾಕಿ ಕುಟ್ಟಿದರೆ ಚಿಗಳಿ. ಹುರಿದ ಹಿಟ್ಟಿಗೆ ಬೆಲ್ಲ ಬೆರೆಸಿದರೆ ತಂಬಿಟ್ಟು. ರಾಮನವಮಿಯಲ್ಲಂತೂ ಪಾನಕ, ಕೋಸಂಬರಿ ಎಂದು ಒಲೆಯ ಸುದ್ದಿಗೇ ಹೋಗದೆ ದೇವರನ್ನು ಸಂಭಾಳಿಸುತ್ತಿದ್ದೆವು. ಈ ಲೆಕ್ಕದಲ್ಲಿ ನನ್ನ ಹೆಂಡತಿ ಕಳೆದ 45 ವರ್ಷಗಳಿಂದ ನೋ ಬೇಕ್ ಪ್ರವೀಣೆ. ಪಾಪ, ಅವಳಿಗದು ಗೊತ್ತಿಲ್ಲ.

ಇಲ್ಲಿಯವರಿಗೆ ಈ ಪ್ರತ್ಯೇಕ ಹೆಸರು ಯಾಕೆ ಬೇಕಾಯಿತೆಂದು ಪಕ್ಕದ ಮನೆಯಾಕೆಯನ್ನು ಕಂಡ ಮೇಲೆ ತಿಳಿಯಿತು. ಗುರುವಾರ ನಮ್ಮನ್ನೆಲ್ಲ ಊಟಕ್ಕೆ ಕರೆದವರು ಆಕೆಯೇ. ಏಳು ಕೆಜಿಯ ಟರ್ಕಿ ಕೋಳಿಯನ್ನು ಒವನ್ನಿನಲ್ಲಿಟ್ಟರೆ ಬೇಯಲು ಸುಮಾರು ನಾಲ್ಕು ಗಂಟೆ ಬೇಕಂತೆ. ಅಷ್ಟು ಹೊತ್ತೂ ಒವನ್ ಅದರ ಸ್ವಾಧೀನ. ಅಡುಗೆಮನೆಯಲ್ಲಿ ಮಕ್ಕಳು ಕಾಲಿಗೆ ಸಿಕ್ಕಿಕೊಳ್ಳುತ್ತಿರುತ್ತಾರೆ. ಅವರ ಕೈಗೆ ಬಿಸ್ಕತ್ತು, ಚಾಕೊಲೇಟು, ಅಂಟು ಪದಾರ್ಥ ಏನಾದರೂ ಕೊಟ್ಟು ಮೇಜಿನ ಆ ತುದಿಗೆ ಕೂರಿಸುವ ಉಪಾಯವೇ ಈ ನೋ ಬೇಕ್. ಹೋಳಿಗೆ ದಿನ ಅವ್ವ ನಮ್ಮ ಕೈಗೊಂದು ಕಣಕದ ಉಂಡೆ ಕೊಟ್ಟು ಅಂಗಳಕ್ಕೆ ಅಟ್ಟುತ್ತಿದ್ದ ಉಪಾಯ ಬೇರೆಯಲ್ಲ.

ಟರ್ಕಿ ಎಂದಾಗ ನೆನಪಾಯಿತು. ಈ ಹಕ್ಕಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಇಂಗ್ಲಿಷರು ಅದಕ್ಕೆ ಟರ್ಕಿ ದೇಶದ ಹೆಸರಿಟ್ಟರು. ಟರ್ಕಿಯವರು 'ಹಿಂದಿ' ಅನ್ನುತ್ತಾರೆ, ಅಂದರೆ ಇಂಡಿಯಾದ್ದು. ಫ್ರೆಂಚರ ಹೆಸರಿನಲ್ಲೂ ಇಂಡಿಯಾವೇ ಇದೆ. ನಾವು ಮತ್ತೆ ಅದನ್ನು ಟರ್ಕಿಯ ಮೇಲೆಯೇ ಹೊರಿಸಿ ಟರ್ಕಿ ಕೋಳಿ ಎಂದೆವು. ಒಂದು ಕೌಂಟರಿನಿಂದ ಇನ್ನೊಂದಕ್ಕೆ ಓಡಾಡುವ ಫೈಲಿನ ಹಾಗೆ, ಯಾರೂ ನನ್ನದೆನ್ನಲಿಲ್ಲ.

ಹಬ್ಬದ ಕಥೆಯೂ ಅಷ್ಟು ಸಲೀಸಲ್ಲ. ಮೊಮ್ಮಗಳು ಲೈಬ್ರರಿಯಿಂದ ತಂದ ಪುಸ್ತಕವನ್ನು ನನಗೆ ಓದಿಹೇಳಿದಳು. 1621ರ ಸುಗ್ಗಿಯಲ್ಲಿ ಪ್ಲಿಮತ್ ಎಂಬಲ್ಲಿ ಹಡಗಿನಲ್ಲಿ ಬಂದಿಳಿದಿದ್ದ ಸುಮಾರು ಐವತ್ತು ಜನ, ಅಲ್ಲಿಯ ವಾಂಪನೋಗ್ ಬುಡಕಟ್ಟಿನ ತೊಂಬತ್ತು ಜನ, ಮೂರು ದಿನ ಜೊತೆಗೆ ಉಂಡರಂತೆ. ವಾಂಪನೋಗರು ಐದು ಜಿಂಕೆ ತಂದುಕೊಟ್ಟರಂತೆ. "ಪೈ ಇರ್ಲಿಲ್ಲ ಅಜ್ಜ, ಹಿಟ್ಟು ಬೆಣ್ಣೆ ಇರ್ಲಿಲ್ಲ" ಎಂದಳು. ಹಾಗಾದರೆ ಮೂಲ ಹಬ್ಬದ ಸಿಹಿಯೂ ನೋ ಬೇಕ್ ಆಯಿತಲ್ಲ ಎಂದು ನನಗೆ ಧೈರ್ಯ ಬಂತು. ಉಂಡವರಲ್ಲಿ ಯಾರು ಮನೆಯವರು, ಯಾರು ಬಂದವರು ಎಂದು ಕೇಳಿದೆ. ಪುಟ ತಿರುವಿದಳು. ವಾಂಪನೋಗರ ವಂಶದವರು, ಅವರ ಜೊತೆಯವರು 1970ರಿಂದ ಇದೇ ಗುರುವಾರ ಅದೇ ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆಂದು ಅಲ್ಲಿತ್ತು. ಅದನ್ನವಳು ಮೆಲ್ಲಗೆ ಓದಿದಳು. ಚಿಕ್ಕವನು ಚಾಕೊಲೇಟ್ ಚಿಪ್ಸ್ ಎಣಿಸುವುದನ್ನು ನಿಲ್ಲಿಸಿ "ವೈ?" ಎಂದ. ಅಕ್ಕ ನನ್ನ ಮುಖ ನೋಡಿದಳು. "ಅವರ ನೆಲ ಹೋಯ್ತಲ್ಲ ಪುಟ್ಟಾ" ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಮತ್ತೆ ಒಂದರಿಂದ ಎಣಿಸತೊಡಗಿದ.

ಇಡೀ ದೇಶಕ್ಕೆ ಇದನ್ನು ಹಬ್ಬ ಮಾಡಿಸಿದವಳು ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ. ನಮ್ಮ ಎಲ್‌ಕೆಜಿ ಮಕ್ಕಳು ಬಾಯಿಪಾಠ ಒಪ್ಪಿಸುವ ಮೇರಿಯ ಕುರಿಮರಿಯ ಪದ್ಯ ಈಕೆಯದೇ. ವರ್ಷಗಟ್ಟಲೆ ಒಬ್ಬರಾದ ಮೇಲೊಬ್ಬ ಅಧ್ಯಕ್ಷರಿಗೆ ಪತ್ರ ಬರೆದಳು. ಕೊನೆಗೆ 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಹೂಂ ಎಂದ. ಪಿಂಚಣಿ ಪರಿಷ್ಕರಣೆಗೆಂದು ನಾನು ಬರೆದ ಅರ್ಜಿಗಳು ನೆನಪಾಗಿ ಆಕೆಯ ಮೇಲೆ ಗೌರವ ಹೆಚ್ಚಿತು. ಮುಂದೆ 1939ರಲ್ಲಿ ರೂಸ್‌ವೆಲ್ಟ್, ಅಂಗಡಿಯವರಿಗೆ ವ್ಯಾಪಾರದ ದಿನ ಹೆಚ್ಚಲೆಂದು ಹಬ್ಬವನ್ನು ಒಂದು ವಾರ ಹಿಂದಕ್ಕೆಳೆದ. ಅರ್ಧದಷ್ಟು ರಾಜ್ಯಗಳು ಒಪ್ಪಿದವು, ಮಿಕ್ಕವುಗಳಲ್ಲಿ ಹೆಚ್ಚಿನವು ಹಳೆಯ ದಿನಕ್ಕೇ ಅಂಟಿಕೊಂಡವು. ಎರಡು ಪಂಚಾಂಗ, ಎರಡು ಏಕಾದಶಿ! ನಮ್ಮಲ್ಲಾದರೆ ಎರಡನ್ನೂ ಮಾಡಿ ಸುಮ್ಮನಾಗುತ್ತಿದ್ದೆವು. ಅವರು 1941ರಲ್ಲಿ ಕಾನೂನು ಮಾಡಿ ನವೆಂಬರಿನ ನಾಲ್ಕನೇ ಗುರುವಾರ ಎಂದು ಗೂಟ ಹೊಡೆದರು.

ಎಲ್ಲಿದ್ದೆ? ಹಾಂ, ಸೋಫಾದಲ್ಲಿ.

ಮೊಮ್ಮಗಳ ಮೊದಲ ಯೋಜನೆ ಬಿಸ್ಕತ್ತಿನ ಟರ್ಕಿ. ಓರಿಯೋ ಬಿಸ್ಕತ್ತಿನ ನಡುವಿನ ಕ್ರೀಮಿಗೆ ಕ್ಯಾಂಡಿ ಕಾರ್ನ್ ಎಂಬ ಮೂರು ಬಣ್ಣದ ಮಿಠಾಯಿಗಳನ್ನು ಬೀಸಣಿಗೆಯಂತೆ ಚುಚ್ಚಿದರೆ ಗರಿ ಬಿಚ್ಚಿದ ಹಕ್ಕಿ. ನನಗೂ ಹಿಡಿಸಿತು. ಆದರೆ ಅಮೆರಿಕಕ್ಕೆ ಬಂದಮೇಲೆ ನನಗೆ ಪೊಟ್ಟಣಗಳ ಹಿಂಬದಿ ಓದುವ ಚಟ ಹತ್ತಿದೆ. ಕನ್ನಡ ಪೇಪರ್ ಸಿಗದ ಊರಿನಲ್ಲಿ ಮನುಷ್ಯ ಏನನ್ನಾದರೂ ಓದಬೇಕಲ್ಲ. ಮಿಠಾಯಿ ಪೊಟ್ಟಣದಲ್ಲಿ ಜೆಲಟಿನ್ ಎಂದಿತ್ತು. ಅದು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆಯುವ ಅಂಟು. ಅದರ ಪಕ್ಕದಲ್ಲಿ ಮಿಠಾಯಿಗೆ ಹೊಳಪು ಕೊಡುವ 'ಗ್ಲೇಜ್'. ಇದೇನೆಂದು ಮೊಮ್ಮಗಳ ಕೈಯಲ್ಲಿ ಹುಡುಕಿಸಿದರೆ, ನಮ್ಮ ಅರಗು! ಅರಗಿನ ಹುಳು ಕೊಂಬೆಯ ಮೇಲೆ ಬಿಡುವ ಅದೇ ಅರಗು. ಪಾಂಡವರು ಸುರಂಗ ಹಿಡಿದು ತಪ್ಪಿಸಿಕೊಂಡ ಪದಾರ್ಥವನ್ನು ಇಲ್ಲಿಯ ಮಕ್ಕಳು ಚಪ್ಪರಿಸುತ್ತಿವೆ. ಚಿಕ್ಕವನಿಗೆ ಅರಗಿನ ಮನೆಯ ಕಥೆ ಹೇಳಿದೆ. ಅವನು ಒವನ್ನಿನ ಕಡೆ ತಿರುಗಿ, "ಅಜ್ಜ, ಯು ಆಲ್ಸೋ ಡಿಡ್ ದಟ್" ಎಂದ.

ಎರಡನೆಯ ಯೋಜನೆ ರೈಸ್ ಕ್ರಿಸ್ಪೀಸ್ ಟ್ರೀಟ್. ಬೆಳಗಿನ ತಿಂಡಿಗೆ ಹಾಲು ಸುರಿದುಕೊಂಡು ತಿನ್ನುವ ಆ ಡಬ್ಬಿ ಕಪಾಟಿನಲ್ಲೇ ಇತ್ತು. ಮೂರು ಚಮಚ ಬೆಣ್ಣೆ, ನಾಲ್ಕು ಕಪ್ ಪುಟ್ಟ ಮಾರ್ಷ್‌ಮೆಲೋ ಕರಗಿಸಿ, ಆರು ಕಪ್ ರೈಸ್ ಕ್ರಿಸ್ಪೀಸ್ ಬೆರೆಸಿ, ತಟ್ಟೆಗೆ ತಟ್ಟಿ ಕತ್ತರಿಸುವುದು. 1939ರಲ್ಲಿ, ಎರಡು ಹಬ್ಬ ಬಂದ ಅದೇ ವರ್ಷ, ಕೆಲಾಗ್ಸ್ ಕಂಪನಿಯಲ್ಲಿದ್ದ ಮಿಲ್ಡ್ರೆಡ್ ಡೇ ಎಂಬಾಕೆ ಬಾಲಕಿಯರ ಸಂಘವೊಂದರ ಸಹಾಯಾರ್ಥ ಮಾರಾಟಕ್ಕೆಂದು ಮಾಡಿದ ತಿಂಡಿಯಂತೆ. ಡಬ್ಬಿ ತೆಗೆದು ಒಂದು ಹಿಡಿ ಅಂಗೈಗೆ ಸುರಿದುಕೊಂಡೆ. ಹಗುರ, ಗರಿಗರಿ, ಹೊಟ್ಟೆ ಉಬ್ಬಿದ ಅಕ್ಕಿ.

ಮಂಡಕ್ಕಿ!

ಸ್ವಾಮಿ, ನಾನು ದಾವಣಗೆರೆಯವನು. ಭತ್ತ ನೆನೆಸಿ, ಬೇಯಿಸಿ, ಅಕ್ಕಿ ಮಾಡಿಸಿ, ಉಪ್ಪು ಹಿಡಿಸಿ, ಕಾದ ಮರಳಿನಲ್ಲಿ ಪಟಪಟ ಅರಳಿಸುವ ಮಂಡಕ್ಕಿ ಭಟ್ಟಿಗಳ ಊರು. ಸಂಜೆ ಮಂಡಕ್ಕಿ, ಮಿರ್ಚಿ ಇಲ್ಲದಿದ್ದರೆ ಸೂರ್ಯ ಮುಳುಗಿದ ಲೆಕ್ಕವಿಲ್ಲ. ಬಣ್ಣದ ಡಬ್ಬಿಯಲ್ಲಿ, ಕೊಂಚ ಸಕ್ಕರೆ ಸವರಿಕೊಂಡು ಕೂತಿದ್ದರೂ ಇದು ನಮ್ಮವನೇ, ವಿದೇಶಕ್ಕೆ ಹೋಗಿ ಉಚ್ಚಾರಣೆ ಬದಲಿಸಿಕೊಂಡವನು. ಮಾರ್ಷ್‌ಮೆಲೋದಲ್ಲೂ ಜೆಲಟಿನ್. ಅದರ ಬದಲು ಬೆಲ್ಲ ಹಾಕಿದರೆ ಮಂಡಕ್ಕಿ ಉಂಡೆ. ಒವನ್ ಬೇಡ, ಒಲೆ ಸಾಕು. ಒಲೆಯ ಬಗ್ಗೆ ಮಗಳು ಏನೂ ಹೇಳಿರಲಿಲ್ಲ.

ಬೆಲ್ಲ ಕರಗಿತು, ನೊರೆ ಬಂತು. ಪಾಕವನ್ನು ನೀರಿಗೆ ಬಿಟ್ಟು ನೋಡಬೇಕೆಂದು ಹೆಂಡತಿ ಮಾಡುವುದನ್ನು ಕಂಡ ನೆನಪು. ಬಟ್ಟಲಲ್ಲಿ ನೀರಿಟ್ಟುಕೊಂಡು ಮೂವರೂ ಬಗ್ಗಿದೆವು. ಮೊದಲ ಹನಿ ಕರಗಿಹೋಯಿತು. ಎರಡನೆಯದು ಬಾಲದ ಹುಳುವಿನಂತೆ ನೀರಲ್ಲಿ ಸುಳಿಯಿತು. ಮೂರನೆಯದನ್ನು ಮೊಮ್ಮಗಳು ಬೆರಳಲ್ಲಿ ಉರುಟಿದಳು, ಮೆತ್ತನೆಯ ಗೋಲಿಯಾಯಿತು. ಒಲೆ ಆರಿಸಿದೆ. ವಿಜಯೋತ್ಸಾಹದಲ್ಲಿ ಮಂಡಕ್ಕಿ ಅಳೆಯಲು ಹೋದೆ, ಚಿಕ್ಕವನು ತಾನೇ ಅಳೆಯುವೆನೆಂದ, ಆರರಲ್ಲಿ ನಾಲ್ಕಕ್ಕೇ ಲೆಕ್ಕ ತಪ್ಪಿ ಮತ್ತೆ ಎಣಿಸಿದ.

ಇಲ್ಲಿಯ ಒಲೆಯ ಮರ್ಮ ನನಗೆ ತಿಳಿದಿರಲಿಲ್ಲ. ಊರಿನ ಗ್ಯಾಸ್ ಆರಿಸಿದರೆ ಆರಿತು. ಈ ಗಾಜಿನ ಒಲೆ ಆರಿಸಿದ ಮೇಲೂ ಹೊತ್ತು ಹೊತ್ತು ಕಾದೇ ಇರುತ್ತದೆ, ಜಗಳ ಮುಗಿದ ಮೇಲಿನ ಹೆಂಡತಿಯ ಹಾಗೆ. ಮಂಡಕ್ಕಿ ಸುರಿಯುವ ಹೊತ್ತಿಗೆ ಪಾಕ ಕಪ್ಪಗಾಗಿತ್ತು. ನಾಲ್ಕು ಸುತ್ತು ತಿರುವಿದೆ, ಐದನೆಯದಕ್ಕೆ ಸೌಟು ನಿಂತಿತು. ಎತ್ತಿದರೆ ಸೌಟಿನ ಜೊತೆ ಪಾತ್ರೆಯೂ ಮೇಲೆದ್ದಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಊರಿಗೆ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ಮಧ್ಯಾಹ್ನ ಮೂರೂವರೆ. ನಮ್ಮ ಗಡಿಯಾರ ಹತ್ತೂವರೆ ಗಂಟೆ ಮುಂದೆ ಎಂಬುದು ಅತ್ತ ಕತ್ತಲೆಯಲ್ಲಿ ಕೆದರಿದ ತಲೆಯೊಂದು ಕಾಣಿಸಿದ ಮೇಲೆ ಹೊಳೆಯಿತು.

"ರೀ! ಏನಾಯ್ತು? ಯಾರಿಗೆ ಏನಾಯ್ತು?"

"ಪಾಕ ಗಟ್ಟಿಯಾಯ್ತು."

ಆಚೆಯಿಂದ ಒಂದು ದೀರ್ಘ ಮೌನ. ರಾತ್ರಿ ಎರಡು ಗಂಟೆಯ ಮೌನ. ಆಮೇಲೆ ಲೈಟು ಹಾಕಿದ ಸದ್ದು, ಕನ್ನಡಕ ಹುಡುಕಿದ ಸದ್ದು. "ಪಾತ್ರೆ ತೋರ್ಸಿ" ಎಂದಳು. ಸೌಟು ಹಿಡಿದು ಪಾತ್ರೆಯನ್ನೇ ಎತ್ತಿ ತೋರಿಸಿದೆ. ಅವಳು ನಗಲು ಶುರುಮಾಡಿದಳು. ಆ ನಗು ನಿಲ್ಲುವಷ್ಟರಲ್ಲಿ ಇತ್ತ ಬೆಲ್ಲ ಇನ್ನಷ್ಟು ಗಟ್ಟಿಯಾಗಿತ್ತು.

ಎರಡನೆಯ ಸಲ ಅವಳದೇ ಆಡಳಿತ. ನಾಲ್ಕು ಲೋಟ ಮಂಡಕ್ಕಿಗೆ ಒಂದು ಲೋಟ ಬೆಲ್ಲ. ಪಾಕ ಬಂದ ತಕ್ಷಣ ಪಾತ್ರೆಯನ್ನು ಒಲೆಯಿಂದಲೇ ಇಳಿಸುವುದು. ಕಲಸಿ ಕೈ ತಾಳುವಷ್ಟು ಆರಿದ ಮೇಲಷ್ಟೇ ಮಕ್ಕಳಿಗೆ ಕೊಡುವುದು, ಅಂಗೈಗೆ ತುಸು ನೀರು ಸವರಿ. "ಅದುಮಬ್ಯಾಡ್ರೋ, ಮೆತ್ತಗೆ ಕಟ್ರಿ, ಗುಬ್ಬಿಮರಿ ಹಿಡ್ಕೊಂಡಂಗೆ" ಎಂದು ಫೋನಿನೊಳಗಿಂದ ಕೂಗುತ್ತಿದ್ದಳು. ಮೊಮ್ಮಗಳ ಉಂಡೆಗಳು ಅಚ್ಚಿನಲ್ಲಿ ತೆಗೆದಂತೆ. ಚಿಕ್ಕವನದು ಒಂದು ಗೋಲಿ, ಒಂದು ಕ್ರಿಕೆಟ್ ಚೆಂಡು. ನನ್ನವು ಕಟ್ಟಿದಂತೆ ಕಾಣುತ್ತಿದ್ದವು, ತಟ್ಟೆಗಿಟ್ಟರೆ ಬಿಚ್ಚಿಕೊಳ್ಳುತ್ತಿದ್ದವು.

ಟರ್ಕಿಯ ಗರಿ ಏನು ಮಾಡುವುದು? ಹ್ಯಾಲೋವೀನಿಗೆ ಕುಂಬಳಕಾಯಿ ಕೊರೆದಾಗ ಎಸೆಯಲು ಮನಸ್ಸಾಗದೆ, ಮಗಳ ಕಣ್ಣು ತಪ್ಪಿಸಿ ಕಿಟಕಿ ಬಳಿ ಒಣಗಿಸಿಟ್ಟಿದ್ದ ಬೀಜಗಳನ್ನು ತಂದೆ. ಉಂಡೆ ಆರುವ ಮುಂಚೆ ಬೆನ್ನಿಗೆ ಐದೈದು ಬೀಜ ಚುಚ್ಚಿದೆವು. ಕಣ್ಣಿಗೆ ಒಣದ್ರಾಕ್ಷಿ, ಕೊಕ್ಕಿಗೆ ಗೋಡಂಬಿ ಚೂರು. ಹದಿನೇಳು ಟರ್ಕಿಗಳು ಸಾಲಾಗಿ ನಿಂತವು. ಮೊದಲನೆಯ ಪಾಕದ್ದನ್ನು ಅಳಿಯಂದಿರು ರಾತ್ರಿ ಬಂದು, ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದರು. ಚೂರುಗಳು ರುಚಿಯಾಗಿಯೇ ಇದ್ದವು. ಅವನ್ನು 'ಬ್ರಿಟಲ್' ಎನ್ನುತ್ತಾರೆ, ಅಂಗಡಿಯಲ್ಲಿ ದುಬಾರಿ ಎಂದು ಸಮಾಧಾನ ಹೇಳಿದರು.

ಗುರುವಾರ ಪಕ್ಕದ ಮನೆಯಾಕೆ ಒಂದು ಉಂಡೆ ತೆಗೆದುಕೊಂಡು, ತಿರುಗಿಸಿ ನೋಡಿ, ಗರಿಯಿಂದ ತಿನ್ನತೊಡಗಿದಳು. ಹೇಗೆ ಮಾಡಿದಿರೆಂದು ಕೇಳಿದಾಗ ಮೊಮ್ಮಗಳು "ಇಟ್ಸ್ ನೋ ಬೇಕ್" ಎಂದಳು. ಆಕೆ ಮೆಚ್ಚಿ ತಲೆಯಾಡಿಸಿದಳು. ಚಿಕ್ಕವನಿಗೆ ತಡೆಯಲಾಗಲಿಲ್ಲ. ನಮ್ಮ ಅಜ್ಜ ಚಕ್ಕುಲಿ ಡಬ್ಬಿ ಬೇಕ್ ಮಾಡಿದ್ದಾರೆಂದು ಇಡೀ ಮೇಜಿಗೆ ಸಾರಿದ.

ಊಟ ಮುಗಿಸಿ ಬಂದು ಫೋನ್ ಮಾಡಿದೆ, ಈ ಸಲ ಲೆಕ್ಕ ಹಾಕಿ, ಅಲ್ಲಿ ಬೆಳಗಾದ ಮೇಲೆ. ಉಂಡೆ ಒಂದೂ ಉಳಿಯಲಿಲ್ಲ ಎಂದು ಕೊಂಚ ಬಿಗುಮಾನದಿಂದಲೇ ವರದಿ ಒಪ್ಪಿಸಿದೆ. ಅವಳು ಸೊಪ್ಪು ಸೋಸುತ್ತ ಎಲ್ಲ ಕೇಳಿಸಿಕೊಂಡಳು.

"ಛಲೋ ಆತು ಬಿಡ್ರಿ" ಎಂದಳು. "ನಾಗರಪಂಚಮಿಗೆ ಎಳ್ಳುಂಡೆ, ಶೇಂಗಾ ಉಂಡೆ, ಮಂಡಕ್ಕಿ ಉಂಡೆ ಮೂರೂ ನಿಮ್ಮವೇ. ನಂಗೆ ಮೊಣಕಾಲು ನೋವು."

ನೆಟ್‌ವರ್ಕ್ ಸರಿಯಿಲ್ಲ, ಕೇಳಿಸುತ್ತಿಲ್ಲ ಎಂದೆ. ಪಕ್ಕದಲ್ಲಿದ್ದ ಚಿಕ್ಕವನು ಫೋನಿಗೆ ಬಾಯಿ ಹಚ್ಚಿ, "ಅಜ್ಜೀ, ಅಜ್ಜನಿಗೆ ಕೇಳಿಸ್ತು" ಎಂದ.