ಬಾಯ್ತೆರೆದು ನಿಂತ ಅರ್ಜುನ

ಚಲನಚಿತ್ರವನ್ನು ಚಿತ್ರಮಂದಿರದಲ್ಲಿಯೇ ನೋಡತಕ್ಕದ್ದು, ಮನೆಯಲ್ಲಿ ನೋಡುವುದೆಂದರೆ ಉತ್ಸವಮೂರ್ತಿಯನ್ನು ಉಗ್ರಾಣದಲ್ಲಿ ದರ್ಶನ ಮಾಡಿದಂತೆ ಎಂದು ಮಿತ್ರಮಂಡಲಿಯಲ್ಲಿ ಉಪನ್ಯಾಸ ಮಾಡುತ್ತ ಬಂದಿರುವ ನಾನು, ಅರ್ಧ ಗೋಡೆಯನ್ನು ಆಕ್ರಮಿಸುವಂತಹ ಟಿ.ವಿ.ಯೊಂದನ್ನು ಕಂತಿನ ಮೇಲೆ ಕೊಂಡುತಂದಿದ್ದೇನೆ. ಇದರಲ್ಲಿ ನನ್ನ ದೋಷವೇನೂ ಇಲ್ಲ. ಮಲ್ಟಿಪ್ಲೆಕ್ಸಿನಲ್ಲಿ ನಾಯಕಿಯು ಪ್ರಾಣ ಬಿಡುವ ಮುಹೂರ್ತದಲ್ಲಿಯೇ ಮುಂದಿನ ಸಾಲಿನ ಮಹಾನುಭಾವರು ಮೊಬೈಲನ್ನು ಬೆಳಗಿಸಿ ಷೇರುಪೇಟೆಯ ಕ್ಷೇಮಸಮಾಚಾರವನ್ನು ವಿಚಾರಿಸುತ್ತಾರೆ. ಗಾಂಧಿ ಕ್ಲಾಸಿನಲ್ಲಿ ಕತ್ತೆತ್ತಿ ಕುಳಿತು ನೋಡುತ್ತಿದ್ದ ಗಾಂಧಿನಗರದ ಕಪಾಲಿ ಚಿತ್ರಮಂದಿರವಂತೂ ನೆಲಸಮವಾಗಿ ಹೋಯಿತು. ಬಸ್ಸು ಆ ಸ್ಥಳವನ್ನು ಹಾಯುವಾಗ ನಾನು ಇಂದಿಗೂ ಆ ಕಡೆ ನೋಡುವುದಿಲ್ಲ. ಅದಿರಲಿ.

ಮನೆಯಲ್ಲಿ ಪ್ರಥಮ ಪ್ರದರ್ಶನಕ್ಕೆ ಆರಿಸಿದ್ದು ಹುಣಸೂರು ಕೃಷ್ಣಮೂರ್ತಿಯವರು 1977ರಲ್ಲಿ ನಿರ್ದೇಶಿಸಿದ 'ಬಭ್ರುವಾಹನ'. ಪರದೆ ಎಳೆದು, ದೀಪವಾರಿಸಿ, ಕಡಲೆಕಾಯಿಯನ್ನು ಶಾಸ್ತ್ರೋಕ್ತವಾಗಿ ಕಾಗದದ ಪೊಟ್ಟಣದಲ್ಲಿಯೇ ಕಟ್ಟಿಕೊಂಡು ಕುಳಿತೆ. ತಂದೆಯೂ ರಾಜಕುಮಾರರೇ, ಮಗನೂ ರಾಜಕುಮಾರರೇ ಆಗಿ ಪರಸ್ಪರ ಮೂದಲಿಸಿಕೊಳ್ಳುವ ಆ ಮಹಾಸನ್ನಿವೇಶದಲ್ಲಿ ಅರ್ಜುನನು ಬಾಯ್ತೆರೆದನೋ ಇಲ್ಲವೋ, ನನ್ನಾಕೆ ಮಹಡಿಗೆ ಬಟ್ಟೆ ಒಣಹಾಕಲು ಹೊರಟವಳು, "ರೀ, ಒಂದು ನಿಮಿಷ ನಿಲ್ಲಿಸಿ. ಕುಕ್ಕರ್ ಮೂರು ಸಿಳ್ಳೆ ಹಾಕಿದ ತಕ್ಷಣ ಒಲೆ ಆರಿಸಿ," ಎಂದಳು. ನಿಲ್ಲಿಸಿದೆ.

ಗಾಂಡೀವಧರನೂ, ಖಾಂಡವದಹನನೂ, ಕಿರಾತರೂಪಿಯಾದ ಶಿವನೊಡನೆಯೇ ಸೆಣಸಿದವನೂ ಆದ ಪಾರ್ಥನು, ದಂತವೈದ್ಯರ ಕುರ್ಚಿಯಲ್ಲಿ ಕುಳಿತವನಂತೆ ಬಾಯಿ ತೆರೆದುಕೊಂಡು, ಒಂದು ಕಣ್ಣು ಅರೆಮುಚ್ಚಿ, ನಮ್ಮ ಮನೆಯ ತೊಗರಿಬೇಳೆ ಬೇಯುವುದನ್ನೇ ನಿರೀಕ್ಷಿಸುತ್ತ ನಿಂತನು. ಮೊದಲನೆಯ ಸಿಳ್ಳೆಯಾಯಿತು, ಅರ್ಜುನನು ಕದಲಲಿಲ್ಲ. ಊರಿನ ಟೆಂಟಿನಲ್ಲಿ ರೀಲು ಬದಲಿಸುವಾಗಲೂ ಚಿತ್ರ ನಿಲ್ಲುತ್ತಿದ್ದುದುಂಟು. ಆದರೆ ಆಗ ನೆಲದ ಮೇಲೆ ಕುಳಿತ ನಾವೆಲ್ಲರೂ ಒಕ್ಕೊರಲಿನಿಂದ ಆಪರೇಟರನ ವಂಶೋದ್ಧಾರ ಮಾಡುತ್ತಿದ್ದೆವು. ಇಲ್ಲಿ ಯಾರನ್ನು ಬೈಯಲಿ? ರಿಮೋಟು ನನ್ನ ಕೈಯಲ್ಲಿಯೇ ಇತ್ತು. ಅಷ್ಟರಲ್ಲಿ ಟಿ.ವಿ.ಯು ತಾನಾಗಿಯೇ ಅರ್ಜುನನ ಕಿರೀಟದ ಮೇಲೆ, ನೀವಿನ್ನೂ ನೋಡುತ್ತಿರುವಿರಾ ಎಂಬರ್ಥದ ಪ್ರಶ್ನೆಯೊಂದನ್ನು ಮೂಡಿಸಿತು. ಮಹಾಭಾರತದಲ್ಲಿ ಯಕ್ಷನೂ ಇಂತಹ ಅಧಿಕಪ್ರಸಂಗದ ಪ್ರಶ್ನೆಯನ್ನು ಕೇಳಿದವನಲ್ಲ.

ಆಗ ಗ್ಯಾಸಿನವನು ಬಂದ. ಸಿಲಿಂಡರನ್ನು ಹೊಸ್ತಿಲಿನೊಳಗೆ ಇಳಿಸಿ, ಬೆವರೊರಸಿಕೊಳ್ಳುತ್ತ ತಲೆಯೆತ್ತಿದವನು ಗೋಡೆಯನ್ನು ಕಂಡು ಸ್ತಂಭೀಭೂತನಾದ.

"ಅಣ್ಣಾವ್ರನ್ನ ಹಿಂಗೆ ನಿಲ್ಲಿಸ್ತಾರಾ ಸಾರ್? ಹಾಕಿ, ಹಾಕಿ!"

ಹಾಕಿದೆ. ಅರ್ಜುನನಿಗೆ ಜೀವ ಬಂತು. ನಮ್ಮ ನಡುಮನೆಗೂ ಬಂತು. ಖಾಲಿ ಸಿಲಿಂಡರನ್ನೇ ಪೀಠವಾಗಿಸಿಕೊಂಡು ಕುಳಿತ ಆ ಪುಣ್ಯಾತ್ಮನಿಗೆ ಕಡಲೆಕಾಯಿಯ ಪೊಟ್ಟಣವನ್ನು ಮುಂದೊಡ್ಡಿದೆ. ಅವನು ಸೌಂಡು ಜಾಸ್ತಿ ಮಾಡಿಸಿದ. ಬಭ್ರುವಾಹನನು ತಿರುಗಿ ನುಡಿದಾಗ ಎರಡು ಬೆರಳು ಬಾಯಿಗಿಟ್ಟು ಎಂತಹ ಸಿಳ್ಳೆ ಹಾಕಿದನೆಂದರೆ, ಕಾಲೇಜು ಬಿಟ್ಟಂದಿನಿಂದ ನಿಷ್ಕ್ರಿಯವಾಗಿದ್ದ ನನ್ನ ಬೆರಳುಗಳೂ ತಮ್ಮ ಪೂರ್ವಾಶ್ರಮವನ್ನು ಸ್ಮರಿಸಿಕೊಂಡವು. ಕೆಳಗೆ ಗ್ಯಾಸಿನ ಗಾಡಿಯ ಹಾರನ್ನು ಮೊರೆಯುತ್ತಿತ್ತು. "ಅರ್ಜುನ ಬೀಳೋದು ನೋಡ್ಕೊಂಡೇ ಹೋಗ್ತೀನಿ ಸಾರ್," ಎಂದನವನು.

ಮಹಡಿಯಿಂದ ಧ್ವನಿ ಬಂತು. "ರೀ, ಎಷ್ಟು ಸಿಳ್ಳೆ ಆಯ್ತು?"

ಕುಕ್ಕರಿನವೆಷ್ಟು, ನಮ್ಮವೆಷ್ಟು ಎಂದು ನಾವಿಬ್ಬರೂ ಮುಖಮುಖ ನೋಡಿಕೊಂಡೆವು.