ಸಹಕಾರ ಪಂಚಭೇದ ಪ್ರಕಾಶಿಕೆ

ಉಡುಪಿ ಸೀಮೆಯಲ್ಲಿ ಶಾಸ್ತ್ರ ಬರೆಯಹೊರಟವನು ಭೇದದಿಂದಲೇ ಶುರುಮಾಡಬೇಕು. ಇದು ಮಧ್ವಾಚಾರ್ಯರ ಊರು. ಈಶ, ಜೀವ, ಜಡ ಎಂಬ ಮೂರರೊಳಗೆ ಐದು ಭೇದಗಳು, ಐದೂ ಸತ್ಯ, ಐದೂ ನಿತ್ಯ ಎಂಬುದು ಇಲ್ಲಿನ ಸಿದ್ಧಾಂತ. ಸಹಕಾರಿ ಕಾನೂನು ಮಾತ್ರ ಪೂರ್ವಪಕ್ಷ ಹಿಡಿದು ನಿಂತಿದೆ: ಒಂದು ಷೇರಿನವನಿಗೂ ಒಂದೇ ಮತ, ನೂರು ಷೇರಿನವನಿಗೂ ಒಂದೇ ಮತ. ಇದನ್ನು ಖಂಡಿಸಲು ಪಂಡಿತರು ಬೇಕಾಗಲಿಲ್ಲ. ವರ್ಷವರ್ಷ ಸೆಪ್ಟೆಂಬರ್ 25ರೊಳಗೆ ಮುಗಿಸಬೇಕಾದ ವಾರ್ಷಿಕ ಮಹಾಸಭೆಗಳೇ ಸಾಕಾದವು. ಪರಿಭಾಷೆ ಇಷ್ಟು: ಅಧ್ಯಕ್ಷರೇ ಈಶ, ಸದಸ್ಯನೇ ಜೀವ, ವಾರ್ಷಿಕ ವರದಿ, ಠರಾವು ಪುಸ್ತಕ, ಕುರ್ಚಿ ಮೊದಲಾದವು ಜಡ.

ಮೊದಲು ಈಶ-ಜೀವ ಭೇದ. ಈಶನ ಉತ್ಪತ್ತಿ ನಾಲ್ಕು ವಿಧ. ತಂದೆ ಕುಳಿತಿದ್ದಲ್ಲಿ ಮಗ ಕುಳಿತರೆ ಜರಾಯುಜ. ಮಹಿಳಾ ಮೀಸಲಿನ ಎರಡು ಸ್ಥಾನಗಳಿಗೆ ಗಂಡನ ಫೋನ್ ನಂಬರಿನ ಸಮೇತ ಬಂದವರನ್ನೂ ಕೆಲವರು ಇಲ್ಲೇ ಸೇರಿಸುತ್ತಾರೆ. ಹಿಂದಿನ ಅಧ್ಯಕ್ಷರ ಕಾವಿನಲ್ಲಿ ಮರಿಯಾದವನು ಅಂಡಜ. ಒಮ್ಮೆ ಬೇರುಬಿಟ್ಟ ಮೇಲೆ ಕೀಳಲು ಬಾರದವನು ಉದ್ಭಿಜ್ಜ. ಬೆವರಿನಿಂದ ಹುಟ್ಟಿದ ಸ್ವೇದಜ ಬಲು ಅಪರೂಪ. ಲಕ್ಷಣ ನೋಡಬೇಕೆಂದರೆ ವಕೀಲಿಕೆಯ ನಡುವೆ 1914ರಲ್ಲಿ ಪುತ್ತೂರಿನಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕ್ ಕಟ್ಟಿದ ಮೊಳಹಳ್ಳಿ ಶಿವರಾಯರ ತನಕ ಹೋಗಬೇಕು. ಅವರ ಭಾವಚಿತ್ರಕ್ಕೆ ಹಾರ ಹಾಕದೆ ಈ ಕಡೆ ಸಹಕಾರಿ ಸಪ್ತಾಹ ಶುರುವಾಗುವುದಿಲ್ಲ. ಹಾರ ಹಾಕುವವರು ಬಹುತೇಕ ಉದ್ಭಿಜ್ಜರು.

ಈಶನ ಆಯ್ಕೆ ‘ಅವಿರೋಧ’. ದ್ವೈತದ ರಾಜಧಾನಿಯಲ್ಲಿ ಅದ್ವೈತ ಗೆದ್ದ ಏಕೈಕ ಕ್ಷೇತ್ರ ಇದು. ಇಲ್ಲಿ ಎರಡನೆಯದೆಂಬುದಿಲ್ಲ. ಎರಡನೆಯ ಅಭ್ಯರ್ಥಿ ಇದ್ದಂತೆ ಕಂಡರೆ ಅದು ಮಿಥ್ಯೆ. ನಾಮಪತ್ರ ಹಿಂತೆಗೆಯುವ ಕೊನೆಯ ದಿನ ಮಧ್ಯಾಹ್ನದೊಳಗೆ ಅವನಿಗೂ ಜ್ಞಾನೋದಯವಾಗುತ್ತದೆ. ಗುರೂಪದೇಶ ಫೋನಿನಲ್ಲಿ: “ಈ ಸಲ ಬಿಟ್ಟುಬಿಡಿ ಮಾರಾಯ್ರೆ, ಬರುವ ಸಲ ನೋಡುವ.” ಚುನಾವಣೆಯ ಖರ್ಚು ಉಳಿಯಿತು, ಊರಿನ ಒಗ್ಗಟ್ಟು ಉಳಿಯಿತು ಎಂದು ಮರುದಿನ ಪೇಪರಿನಲ್ಲಿ ಅಭಿನಂದನೆ. ಉಳಿದ ಖರ್ಚು ಅಭಿನಂದನೆಯ ಜಾಹೀರಾತಿಗೆ ಹೋಗುತ್ತದೆಂಬುದು ಬೇರೆ ಮಾತು. ನನ್ನ ಮಟ್ಟಿಗೆ, ಇಬ್ಬರು ಜಗಳಾಡಿ ಮತ ಎಣಿಸಿದ ಸಂಘದಲ್ಲಿ ನಾಲ್ಕು ಕಾಸು ಇಡಲು ಹೆಚ್ಚು ಧೈರ್ಯ.

ಈಶ ಅನಾದಿಯೋ, ಅನಂತನೋ? ಕೃಷ್ಣಮಠದ ಪರ್ಯಾಯಕ್ಕೆ ವಾದಿರಾಜರು ಎರಡು ವರ್ಷ ಎಂದು ಗೆರೆ ಎಳೆದರು. ಇಳಿದವರಿಗೆ ಮತ್ತೆ ಸರದಿ ಬರಲು 14 ವರ್ಷ ಕಾಯಬೇಕು. ಸಂಘದ ಆಡಳಿತ ಮಂಡಳಿಗೆ ಐದು ವರ್ಷ, ಆಮೇಲೆ ಮತ್ತೈದು. ಸಹಕಾರಿ ಬ್ಯಾಂಕಿನ ನಿರ್ದೇಶಕರು ಸತತವಾಗಿ ಕೂರುವ ಮಿತಿಯನ್ನು 2025ರ ಕೇಂದ್ರ ತಿದ್ದುಪಡಿ 8ರಿಂದ 10 ವರ್ಷಕ್ಕೆ ಏರಿಸಿತು. ಆ ಮಿತಿ ಅಧ್ಯಕ್ಷರಿಗೆ ಅನ್ವಯಿಸುವುದಿಲ್ಲ ಎಂದೂ ಅಲ್ಲೇ ಇದೆ. ಅನಂತತ್ವಕ್ಕೆ ಇದಕ್ಕಿಂತ ದೊಡ್ಡ ಶಬ್ದಪ್ರಮಾಣ ಬೇಕೇ?

ಜೀವ-ಜೀವ ಭೇದದಲ್ಲಿ ತಾರತಮ್ಯ ಬರುತ್ತದೆ. ‘ಎ’ ತರಗತಿಯ ಸದಸ್ಯ ಮುಕ್ತಿಯೋಗ್ಯ. ಅವನಿಗೆ ಮತವುಂಟು, ಡಿವಿಡೆಂಡ್ ಉಂಟು. ಚಿನ್ನ ಅಡವಿಡಲು ಬಂದು ನಾಮಮಾತ್ರ ಸದಸ್ಯಳಾದ ಕಾಪುವಿನ ಮೀನು ಮಾರುವ ಹೆಂಗಸು ನಿತ್ಯಸಂಸಾರಿ. ಬಡ್ಡಿ ಕಟ್ಟುತ್ತಾಳೆ, ಲಾಭದಲ್ಲಿ ಪಾಲಿಲ್ಲ, ಮತವೂ ಇಲ್ಲ. ಸುಸ್ತಿದಾರ ತಮೋಯೋಗ್ಯ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಸಂಸ್ಥೆ ದಿನಕ್ಕೆ ಎರಡಾಣೆಯ ಪಿಗ್ಮಿ ಕಂಡುಹಿಡಿದಂದಿನಿಂದ ಬ್ಯಾಂಕ್ ತಾನಾಗಿ ಮನೆಬಾಗಿಲಿಗೆ ಬರುವುದು ಈ ಜಿಲ್ಲೆಗೆ ರೂಢಿ. ಈಗ ಸೊಸೈಟಿಯ ಪಿಗ್ಮಿಯವನೂ ಬರುತ್ತಾನೆ. ಮತಪೆಟ್ಟಿಗೆಯನ್ನು ಮಾತ್ರ ಯಾರೂ ತರುವುದಿಲ್ಲ.

ಸಭಾಭವನದೊಳಗೆ ಮುಕ್ತಿಯೋಗ್ಯರಲ್ಲೂ ಒಳಪಂಗಡಗಳಿವೆ. ಸಹಿ ಹಾಕಿ ಬನ್ಸಿನ ಪೊಟ್ಟಣದೊಂದಿಗೆ ಮೆಟ್ಟಿಲಿಳಿಯುವವನು ಸಹಿಜೀವಿ. ಎರಡನೆಯ ಸಾಲಿನಲ್ಲಿ ಕುಳಿತು, ವಿಷಯ ಓದುವ ಮೊದಲೇ “ಅನುಮೋದಿಸಿದ್ದೇನೆ” ಎನ್ನುವವನು ಅನುಮೋದಕ. ಇವನ ವಂಶ ಕ್ಷೀಣಿಸಿದ ದಾಖಲೆ ಇಲ್ಲ. ಇನ್ನೊಬ್ಬ ಪ್ರಶ್ನಕ, ಸಾಮಾನ್ಯವಾಗಿ ನಿವೃತ್ತ ಮೇಷ್ಟ್ರು. ವರದಿಯ ಒಂದು ಪುಟದ ಕಿವಿ ಮಡಚಿ, ‘ಸಾದಿಲ್ವಾರು ವೆಚ್ಚ’ದ ಕೆಳಗೆ ಪೆನ್ಸಿಲ್ ಗೆರೆ ಎಳೆದುಕೊಂಡು ಬಂದಿರುತ್ತಾರೆ. ಮೈಕು ಅವರ ಹತ್ತಿರ ತಲುಪುವಾಗ ಬ್ಯಾಟರಿ ಮುಗಿದಿರುತ್ತದೆ. ಆದರೂ ಗಂಟಲೆತ್ತಿ ಕೇಳುತ್ತಾರೆ: ಹೋದ ವರ್ಷಕ್ಕಿಂತ ಇದು ದುಪ್ಪಟ್ಟಾದದ್ದು ಹೇಗೆ? ಅಧ್ಯಕ್ಷರು ನಗುತ್ತಾರೆ. “ಒಳ್ಳೆಯ ಪ್ರಶ್ನೆ. ಆಫೀಸಿಗೆ ಬನ್ನಿ ಮೇಷ್ಟ್ರೇ, ಚಾ ಕುಡಿಯುತ್ತಾ ಮಾತಾಡುವ.” ಚಪ್ಪಾಳೆ. ಸಭೆಯ ಪ್ರಶ್ನೆ ಖಾಸಗಿ ಚಹಾ ಆಗಿ ಪರಿಣಮಿಸುವ ಈ ಕ್ರಿಯೆಗೆ ಪೂರ್ವಾಚಾರ್ಯರು ಹೆಸರಿಡದೆ ಬಿಟ್ಟಿದ್ದಾರೆ. ಮರುವರ್ಷ ಅದೇ ಪುಟದೊಂದಿಗೆ ಮೇಷ್ಟ್ರು ಮತ್ತೆ ಬಂದರೆ ಆ ಸಂಘಕ್ಕೆ ಆಯುಷ್ಯವಿದೆ ಎನ್ನಬಹುದು.

ಈಶ-ಜಡ ಭೇದ ಎಷ್ಟು ಹುಡುಕಿದರೂ ಸಿಗಲಿಲ್ಲ. ಕುರ್ಚಿ ಎಲ್ಲಿ ಮುಗಿದು ಅಧ್ಯಕ್ಷರು ಎಲ್ಲಿ ಶುರುವಾಗುತ್ತಾರೆಂದು ಹೇಳಬಲ್ಲವರಿಲ್ಲ. ಕಾರ್ಕಳದ ಗೊಮ್ಮಟ 1432ರಿಂದ ನಿಂತೇ ಇದ್ದಾನೆ. ಪಾಪ, ಯಾವ ಸಂಘವೂ ಅವನಿಗೆ ಕುರ್ಚಿ ಕೊಡಲಿಲ್ಲ. ಜೀವ-ಜಡ ಭೇದ, ಎಂದರೆ ಸದಸ್ಯನಿಗೂ ವರದಿಗೂ ಇರುವ ದೂರ, ಎಲ್ಲರ ಅನುಭವಕ್ಕೆ ಬಂದದ್ದೇ. ಜಡ-ಜಡ ಭೇದ: ಹೋದ ವರ್ಷದ ವರದಿಗೂ ಈ ವರ್ಷದ್ದಕ್ಕೂ ಫೋಟೋದ ಶಾಲಿನ ಬಣ್ಣ ಬೇರೆ.

ಸಂಘದ ಐದು ಭೇದಗಳು ಮುಗಿದವು, ಉಳಿದದ್ದು ಟ್ರಸ್ಟು. ಅದರಲ್ಲಿ ಜೀವವೇ ಇಲ್ಲ, ಫಲಾನುಭವಿ ಮಾತ್ರ. ಜೀವವಿಲ್ಲದ ಮೇಲೆ ಐದು ಭೇದಗಳಲ್ಲಿ ಮೂರು ಬಿದ್ದುಹೋಗಿ ಎರಡೇ ಉಳಿಯುತ್ತವೆ. ವಿಶ್ವಸ್ತರು ವಿಶ್ವಸ್ತರನ್ನು ಆರಿಸಿಕೊಳ್ಳುತ್ತಾರೆ. ಪ್ರಜಾಪ್ರಭುತ್ವ ಇದೆಯೆಂದು ಅವರು ನಟಿಸುವುದೂ ಇಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕರು. ಇಲ್ಲಿ ಶಾಸ್ತ್ರಕ್ಕೆ ಒಂದು ಇರಿಸುಮುರಿಸು ಒದಗಿದೆ. ಉಡುಪಿ ಸೀರೆಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದಾಗ ನೇಕಾರರ ಸಹಕಾರಿ ಸಂಘಗಳಿಗೆ ಮತವಿತ್ತು, ಮಂಡಳಿ ಇತ್ತು. ಹೊಸದಾಗಿ ಮಗ್ಗಕ್ಕೆ ಕೂರುವವರಿರಲಿಲ್ಲ. ಮತವಿಲ್ಲದ ಕಾರ್ಕಳದ ಕದಿಕೆ ಟ್ರಸ್ಟು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ, ಅದನ್ನು ಬದಿಗೊತ್ತದೆ, ನೇಕಾರಿಕೆಯನ್ನು ಎತ್ತಿ ನಿಲ್ಲಿಸಲು ಹೊರಟಿತು. ಇದನ್ನು ಯಾವ ಭೇದದಲ್ಲಿ ಸೇರಿಸುವುದೆಂದು ಮುಂದಿನ ಭಾಷ್ಯಕಾರರು ತೀರ್ಮಾನಿಸಲಿ. ಅವರಲ್ಲಿ ಭಿನ್ನಮತ ಬಂದರೆ ದಯವಿಟ್ಟು ಮತಕ್ಕೆ ಹಾಕಲಿ, ಫೋನಿನಲ್ಲಿ ಮುಗಿಸದಿರಲಿ.